ರಿವರ್ಸಣ್ಣನ ಇಂಟರ್ವ್ಯೂ ಬೂಟು

ಬೆಳಿಗ್ಗೆ ಏಳೂವರೆಗೆಲ್ಲ ಮಂಚದ ಮೇಲೆ ಐದು ಶರ್ಟು, ಮೂರು ಪ್ಯಾಂಟು ಹರಡಿಕೊಂಡಿದ್ದವು. ಅವುಗಳ ಪಕ್ಕದಲ್ಲಿ ಬನಿಯನ್ ಹಾಕಿ, ಸೊಂಟಕ್ಕೆ ಟವೆಲ್ ಸುತ್ತಿಕೊಂಡು ನಿಂತಿದ್ದ ರಿವರ್ಸಣ್ಣನಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಇಪ್ಪತ್ತೆರಡು ವರ್ಷ ಲಾರಿ ಓಡಿಸಿದ ಮನುಷ್ಯ ಅವನು. ಎಂಥ ಇಕ್ಕಟ್ಟಿನ ಸಂದಿಯಲ್ಲೂ ಗಾಡಿಯನ್ನು ಹಿಂದಕ್ಕೆ ತೆಗೆದು, ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸುತ್ತಿದ್ದನೆಂದು ಜೊತೆಯ ಡ್ರೈವರುಗಳು ಇಟ್ಟ ಹೆಸರು ಅದು. ಅಂಥವನು ಇವತ್ತು ಒಂದು ಶರ್ಟು ಆರಿಸಲಾಗದೆ ಸೋತು ನಿಂತಿದ್ದ.

ಸೋತಿದ್ದ ಎನ್ನುವುದಕ್ಕಿಂತ ಅವನಿಗೆ ಆರಿಸಲು ಬಿಟ್ಟವರು ಯಾರು? ಹೆಂಡತಿ ಒಂದು ಶರ್ಟು ಎತ್ತಿ ಎದೆಗೆ ಹಿಡಿದರೆ ಮಗಳು ಇನ್ನೊಂದನ್ನು ಹಿಡಿಯುತ್ತಿದ್ದಳು.

"ಈ ಆಕಾಶ ಬಣ್ಣದ್ದು ಹಾಕ್ಕೊಳ್ಳಿ. ನಾನೇ ಹೊಲಿದಿದ್ದು, ಕಾಲರ್ ನೆಟ್ಟಗೆ ಕೂರುತ್ತೆ," ಎಂದಳು ಹೆಂಡತಿ. ಶಾಲೆಗಳ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಜಗತ್ತಿನ ಎಲ್ಲ ತೊಂದರೆಯೂ ಕಾಲರಿನಿಂದಲೇ ಶುರುವಾಗುತ್ತದೆಂದು ಅವಳ ನಂಬಿಕೆ.

ಮಗಳು ಕಾಲೇಜಿನ ಎರಡನೇ ವರ್ಷದವಳು, ಫೋನಿನಲ್ಲಿ ನೋಡಿಕೊಂಡು ಓದಿದಳು: "ತಿಳಿ ಬಣ್ಣ, ತುಂಬು ತೋಳು, ಮುಚ್ಚಿದ ಬೂಟು. ಸೆಂಟು ಜಾಸ್ತಿ ಬೇಡ. ಅಪ್ಪ, ಗಡ್ಡ ಟ್ರಿಮ್ ಮಾಡ್ಬೇಕಂತೆ."

"ಲಾರಿ ಓಡ್ಸೋಕೆ ಹೋಗ್ತಿದ್ದೀನಾ, ಹೆಣ್ಣು ನೋಡೋಕೆ ಹೋಗ್ತಿದ್ದೀನಾ?" ಎಂದು ರಿವರ್ಸಣ್ಣ ಗುಡುಗಿದ.

"ಹೆಣ್ಣು ನೋಡೋಕೆ ಬಂದಾಗ್ಲೂ ಗ್ರೀಸ್ ಕಲೆ ಇರೋ ಶರ್ಟಲ್ಲೇ ಬಂದಿದ್ರಿ," ಎಂದಳು ಹೆಂಡತಿ ತಣ್ಣಗೆ. "ನಾನೇನೋ ಒಪ್ಕೊಂಡೆ. ಡಿಪೋದವರೂ ಒಪ್ಪಬೇಕಲ್ಲ."

ಈ ಡಿಪೋ ಕೆಲಸ ಅವನಿಗೆ ಎಷ್ಟು ಬೇಕಾಗಿತ್ತೆಂದರೆ, ಬೇಕು ಎಂದು ಬಾಯಿಬಿಟ್ಟು ಹೇಳಲೂ ಹೆದರುತ್ತಿದ್ದ. ದೊಡ್ಡ ಸರಕು ಕಂಪನಿ, ಒಂದೇ ಒಂದು ಜಾಗ. ಬೆಳಿಗ್ಗೆ ಲೋಡು ಹತ್ತಿಸಿಕೊಂಡು ಊರೊಳಗೇ ಸುತ್ತಿ ಸಂಜೆ ಆರಕ್ಕೆ ಗಾಡಿ ನಿಲ್ಲಿಸಿ ಮನೆಗೆ ಬರುವ ಕೆಲಸ. ಇಪ್ಪತ್ತೆರಡು ವರ್ಷವೂ ಅವನು ಓಡಿಸಿದ್ದು ದೂರದ ಗಾಡಿ. ಹೋದರೆ ತಿಂಗಳು, ಒಂದೂವರೆ ತಿಂಗಳು. ಎರಡು ತಿಂಗಳ ಹಿಂದೆ ಹಾಗೆ ಮನೆಗೆ ಬಂದಾಗ ಮಗಳ ಗೆಳತಿ ಬಾಗಿಲಲ್ಲಿ ನಿಂತು ಯಾರಿವರು ಎಂದು ಕೇಳಿದ್ದಳು. "ನಮ್ಮಪ್ಪ. ನಾಳೆ ಹೊರಟುಹೋಗ್ತಾರೆ," ಎಂದಿದ್ದಳು ಮಗಳು. ಅವಳ ಮಾತಿನಲ್ಲಿ ದೂರೂ ಇರಲಿಲ್ಲ, ಬೇಜಾರೂ ಇರಲಿಲ್ಲ. ಹಾಲಿನವನು ಏಳಕ್ಕೆ ಬರುತ್ತಾನೆ ಎನ್ನುವಂತೆ ಹೇಳಿದ್ದಳು, ಅಷ್ಟೆ. ಮಾರನೇ ದಿನ ರಿವರ್ಸಣ್ಣ ಲಾರಿ ಮಾಲೀಕನಿಗೆ ಕೀ ಕೊಟ್ಟು ಕೆಲಸ ಬಿಟ್ಟು ಬಂದಿದ್ದ.

ಬಿಟ್ಟಿದ್ದೇನೋ ಸರಿ, ಊರೊಳಗಿನ ಕೆಲಸ ಸಿಗಬೇಕಲ್ಲ. ನಿನ್ನೆ ಮಾಲೀಕ ಫೋನ್ ಮಾಡಿ, "ನಾಳೆ ಸಾಯಂಕಾಲದೊಳಗೆ ಬರ್ತೀನಿ ಅಥವಾ ಬರಲ್ಲ ಅಂತ ಹೇಳಿಬಿಡಪ್ಪ. ಇಲ್ಲಾಂದ್ರೆ ಬೇರೆಯವನನ್ನ ಹತ್ತಿಸ್ತೀನಿ," ಎಂದು ಗಡುವು ಕೊಟ್ಟಿದ್ದ. ಇವತ್ತು ಡಿಪೋ ಕೈ ಹಿಡಿದರೆ ಮನೆ, ಇಲ್ಲದಿದ್ದರೆ ಮತ್ತೆ ಅದೇ ದೂರದ ಗಾಡಿ.

ಇಷ್ಟರಲ್ಲಿ ಬಾಮೈದ ಬಂದ. ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿ ಬಾಗಿಲು ದಾಟುವ ಮೊದಲೇ ಸೊಂಟದ ಅಳತೆ ಹೇಳಬಲ್ಲ ಆಸಾಮಿ. ಒಂದು ಕೈಯಲ್ಲಿ ಬೂಟಿನ ಡಬ್ಬಿ, ಇನ್ನೊಂದರಲ್ಲಿ ಮೆರೂನ್ ಟೈ.

"ಭಾವ, ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ನಿಮಗೆ ಹೇಗೆ ಬೇಕೋ ಹಾಗಲ್ಲ, ನೋಡೋರಿಗೆ ಹೇಗೆ ಬೇಕೋ ಹಾಗಿರ್ಬೇಕು," ಎಂದು ಟೈಯನ್ನು ಕುತ್ತಿಗೆಗೆ ಹಾಕಲು ಬಂದ.

"ಅದನ್ನ ದೂರ ಇಡು. ಸ್ಟೇರಿಂಗಿಗೆ ಸಿಕ್ಕಿಹಾಕ್ಕೊಂಡ್ರೆ ನನಗೆ ನಾನೇ ನೇಣು ಹಾಕ್ಕೊಂಡ ಹಾಗಾಗುತ್ತೆ."

"ಬೂಟಾದ್ರೂ ಹಾಕ್ಕೊಳ್ಳಿ. ನನ್ನ ಮದುವೇದು, ನಾಲ್ಕೇ ಸಲ ಹಾಕಿರೋದು."

ಬೂಟು ಎಂಟನೇ ನಂಬರಿನದು, ರಿವರ್ಸಣ್ಣನ ಪಾದ ಒಂಬತ್ತರದು. "ಒಂದು ನಂಬರ್ ಹೆಚ್ಚುಕಮ್ಮಿ ಅಷ್ಟೇ ಭಾವ, ಅರ್ಧ ಗಂಟೆ ಕೆಲಸ," ಎಂದ ಬಾಮೈದ, ತನ್ನ ಕಾಲಲ್ಲವಲ್ಲ. ಮಗಳು ಹಿಮ್ಮಡಿಯ ಹತ್ತಿರ ಚಮಚ ತೂರಿಸಿ ಪಾದ ಒಳಗೆ ತಳ್ಳಿದಳು. ರಿವರ್ಸಣ್ಣ ಎದ್ದು ನಿಂತ. ಕಾಲ್ಬೆರಳುಗಳೆಲ್ಲ ಒಂದರ ಮೇಲೊಂದು ಹತ್ತಿ ಕುಳಿತವು. ಕನ್ನಡಿಯಲ್ಲಿ ಕಂಡವನು ಯಾವುದೋ ಶಾಲೆಯ ಹೆಡ್‌ಮಾಸ್ತರ. ಹೆಂಡತಿ ಮಾತ್ರ ಕಾಲರ್ ಸರಿಮಾಡುತ್ತ, "ನೋಡಿ, ಎಷ್ಟು ಚೆನ್ನಾಗಿ ಕಾಣ್ತಿದೀರಿ," ಎಂದಳು. ಅವಳು ಹಾಗೆಂದು ಎಷ್ಟು ವರ್ಷವಾಗಿತ್ತೋ. ಅವನು ಬಾಯಿ ಮುಚ್ಚಿಕೊಂಡು ಕುಂಟುತ್ತ ಹೊರಟ.

ಡಿಪೋ ಗೇಟಿನಲ್ಲಿ ಇವನ ಜೊತೆ ಇನ್ನೂ ಐದು ಜನ ಡ್ರೈವರುಗಳಿದ್ದರು. ಕಾವಲುಗಾರ ಯಾರ ಮುಖವನ್ನೂ ನೋಡಲಿಲ್ಲ, ಸೀದಾ ಕಾಲು ನೋಡಿದ. ಚಪ್ಪಲಿ ಹಾಕಿದ್ದ ಇಬ್ಬರನ್ನು, "ಮುಚ್ಚಿದ ಬೂಟಿಲ್ಲದೆ ಒಳಗೆ ಬಿಡೋ ಹಾಗಿಲ್ಲ," ಎಂದು ಅಲ್ಲಿಂದಲೇ ವಾಪಸ್ ಕಳಿಸಿದ. ಒಬ್ಬ ಕೈ ಮುಗಿದ, ಇನ್ನೊಬ್ಬ ಬೈದ. ಎರಡರಿಂದಲೂ ಗೇಟು ತೆರೆಯಲಿಲ್ಲ. ರಿವರ್ಸಣ್ಣ ಒಳಗೆ ಹೋಗುತ್ತ ಮನಸ್ಸಿನಲ್ಲೇ ಬಾಮೈದನಿಗೆ ಬೈದಿದ್ದನ್ನೆಲ್ಲ ವಾಪಸ್ ತೆಗೆದುಕೊಂಡ. ಮಗಳ ಫೋನಿಗೂ ಬುದ್ಧಿಯಿದೆ ಎಂದು ಒಪ್ಪಿಕೊಂಡ. ಒಪ್ಪಿಕೊಳ್ಳುವುದು ಅವನಿಗೆ ಸುಲಭದ ಕೆಲಸವಲ್ಲ.

ಒಳಗೆ ಮೇಜಿನ ಹಿಂದೆ ಕುಳಿತಿದ್ದ ಅಧಿಕಾರಿಣಿ ಲೈಸೆನ್ಸು ನೋಡಿದರು, ಶರ್ಟು ನೋಡಿದರು, ಹಳೆ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರು. ಹೊಸ ಸವಾಲು ಬೇಕಾಗಿತ್ತು ಎಂದು ಹೇಳಬೇಕೆಂದು ಬಾಮೈದ ಮೂರು ಸಲ ಬಾಯಿಪಾಠ ಮಾಡಿಸಿದ್ದ. ಆ ಹೊತ್ತಿಗೆ ಎಡಗಾಲಿನ ಕಿರುಬೆರಳು ಎಷ್ಟು ನೋಯುತ್ತಿತ್ತೆಂದರೆ ಪಾಠವೆಲ್ಲ ಮರೆತುಹೋಗಿತ್ತು.

"ಸಂಜೆ ಮನೆಗೆ ಹೋಗ್ಬೇಕು ಮೇಡಂ. ಅದಕ್ಕೇ ಬಿಟ್ಟೆ," ಎಂದುಬಿಟ್ಟ.

ಅವರು ತಲೆಯೆತ್ತಿ ನೋಡಿದರು. "ಹೀಗೆ ಹೇಳೋರು ಕೆಲಸ ಬಿಟ್ಟು ಓಡಿಹೋಗಲ್ಲ," ಎಂದು ಹಾಳೆಯ ಮೇಲೆ ಏನೋ ಬರೆದರು. "ಯಾರ್ಡಿಗೆ ಹೋಗಿ, ಗಾಡಿ ಓಡಿಸಿ ತೋರಿಸಿ. ಅದೊಂದು ಸರಿಹೋದ್ರೆ ಸೋಮವಾರದಿಂದ ಬಂದುಬಿಡಿ."

ಸೋಮವಾರ! ಗಾಡಿ ಓಡಿಸುವುದೆಂದರೆ ಅವನಿಗೆ ನೀರು ಕುಡಿದಷ್ಟೇ ಸುಲಭ. ರಿವರ್ಸಣ್ಣ ಕಾಲುನೋವನ್ನೂ ಮರೆತು ಯಾರ್ಡಿಗೆ ನಡೆದ.

ಯಾರ್ಡಿನ ಒಂದು ತುದಿಯಲ್ಲಿ ನೀಲಿ ಲಾರಿ ನಿಂತಿತ್ತು. ಇನ್ನೊಂದು ತುದಿಯಲ್ಲಿ ಸರಕು ಇಳಿಸುವ ಕಟ್ಟೆಗಳ ಸಾಲು. ಅಲ್ಲಿ ಪುಸ್ತಕ ಹಿಡಿದು ನಿಂತಿದ್ದ ಯಾರ್ಡ್ ಸೂಪರ್‌ವೈಸರ್ ಬಿಳಿ ಮೀಸೆಯ ಹಳೇ ಡ್ರೈವರ್. "ಒಂದು ರೌಂಡ್ ಹೊಡೆದು ನಾಲ್ಕನೇ ಕಟ್ಟೆಗೆ ಹಿಂದಕ್ಕೆ ತಗೊಂಡು ಹಾಕಿ," ಎಂದು ಕೂಗಿದ.

ರಿವರ್ಸಣ್ಣ ಟೈರುಗಳನ್ನು ಒದ್ದು ನೋಡಿದ. ಬಗ್ಗಿ ಅಡಿ ನೋಡಿದ, ಆಯಿಲ್ ನೋಡಿದ. ಕ್ಯಾಬಿನ್ ಬಾಗಿಲು ತೆಗೆದ. ಆಮೇಲೆ ಇಪ್ಪತ್ತೆರಡು ವರ್ಷ ದಿನಕ್ಕೆ ಹತ್ತು ಸಲ ಮಾಡಿದ್ದನ್ನೇ ಮಾಡಿದ. ಬಗ್ಗಿ ಲೇಸು ಬಿಚ್ಚಿದ, ಬೂಟು ಕಳಚಿದ, ಸಾಕ್ಸನ್ನು ಮಡಚಿ ಅದರೊಳಗಿಟ್ಟ, ಎರಡನ್ನೂ ನೆಲದ ಮೇಲೆ ಜೋಡಿಸಿಟ್ಟು ಬರಿಗಾಲಲ್ಲಿ ಮೇಲೆ ಹತ್ತಿದ.

ದೂರದ ಗಾಡಿಯವರು ಯಾರೂ ಮೆಟ್ಟಿದ್ದನ್ನು ಮೆಟ್ಟಿಕೊಂಡೇ ಕ್ಯಾಬಿನ್ನಿನೊಳಗೆ ಕಾಲಿಡುವುದಿಲ್ಲ. ಮಲಗುವುದು ಅಲ್ಲೇ, ಉಣ್ಣುವುದು ಅಲ್ಲೇ, ಜ್ವರ ಬಂದರೆ ನರಳುವುದೂ ಅಲ್ಲೇ. ರಸ್ತೆಯ ಕೊಳೆಯನ್ನು ಒಳಗೆ ತರುವವನನ್ನು ಜೊತೆಯವರೇ ಅಟ್ಟಿಬಿಡುತ್ತಾರೆ. ಹಾಗಾಗಿ ಬೂಟು ಬಿಚ್ಚಬೇಕೋ ಬೇಡವೋ ಎಂದು ಅವನು ಯೋಚನೆಯನ್ನೇ ಮಾಡಲಿಲ್ಲ. ಉಸಿರಾಡುವವನು ಉಸಿರಿನ ಬಗ್ಗೆ ಯೋಚನೆ ಮಾಡುತ್ತಾನೆಯೇ?

ಪಾದಕ್ಕೆ ಕ್ಲಚ್ ಸಿಕ್ಕಿದ ಕೂಡಲೇ ಬೆಳಗಿನಿಂದ ಬಿಗಿದುಕೊಂಡಿದ್ದ ಮೈಯೆಲ್ಲ ಸಡಿಲವಾಯಿತು. ಗಾಡಿ ಹೇಳಿದಂತೆ ಕೇಳಿತು. ಒಂದು ರೌಂಡ್ ಹೊಡೆದು, ಎಡಗನ್ನಡಿ ನೋಡಿ, ಬಲಗನ್ನಡಿ ನೋಡಿ, ಒಂದೇ ಏಟಿಗೆ ಹಿಂದಕ್ಕೆ ತಂದು ನಾಲ್ಕನೇ ಕಟ್ಟೆಯ ಅಂಚಿನ ರಬ್ಬರಿಗೆ ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲಿಸಿದ. ತಮ್ಮ ಸರದಿಗೆ ಕಾಯುತ್ತಿದ್ದ ಮೂವರು ಡ್ರೈವರುಗಳೂ ಚಪ್ಪಾಳೆ ತಟ್ಟಿದರು. ಸೂಪರ್‌ವೈಸರ್ ಹೆಬ್ಬೆರಳೆತ್ತಿ, "ಭೇಷ್!" ಎಂದ. ರಿವರ್ಸಣ್ಣ ಬಾಗಿಲು ತೆಗೆದು ಚಂಗನೆ ಕೆಳಗೆ ಹಾರಿದ.

ಸೂಪರ್‌ವೈಸರನ ಹೆಬ್ಬೆರಳು ಹಾಗೇ ನಿಂತಿತು. ಅವನ ಕಣ್ಣು ಮಾತ್ರ ಕೆಳಗಿಳಿಯಿತು.

"ಬೂಟೆಲ್ಲಿ?"

ಬೂಟು ಯಾರ್ಡಿನ ಆ ತುದಿಯಲ್ಲಿ, ಲಾರಿ ಮೊದಲು ನಿಂತಿದ್ದ ಜಾಗದಲ್ಲಿ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಅಯ್ಯೋ ಅಣ್ಣ, ಹತ್ತೋವಾಗ ಬಿಚ್ಚಿದೆ, ಅಷ್ಟೇ..."

ಸೂಪರ್‌ವೈಸರ್ ಕ್ಯಾಬಿನ್ ಬಾಗಿಲಿಗೆ ಅಂಟಿಸಿದ್ದ ಹಾಳೆ ತೋರಿಸಿದ. ಮುಚ್ಚಿದ ಬೂಟಿಲ್ಲದೆ ಗಾಡಿ ಚಲಾಯಿಸಿದವರು ಆ ಕ್ಷಣದಿಂದಲೇ ಅನರ್ಹರು ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಅದೇ ಬಾಗಿಲನ್ನು ತನ್ನ ಕೈಯಾರೆ ತೆಗೆದು ಹತ್ತಿದ್ದ ರಿವರ್ಸಣ್ಣನಿಗೆ ಆಗ ಅದು ಕಾಣಿಸಿಯೇ ಇರಲಿಲ್ಲ.

"ಹೋದ ವರ್ಷ ಒಬ್ಬನ ಒದ್ದೆಗಾಲು ಬ್ರೇಕಿನಿಂದ ಜಾರಿ, ಹಿಂದೆ ನಿಂತಿದ್ದ ಹಮಾಲನ ಕಾಲೇ ಹೋಯ್ತು. ಅವತ್ತಿಂದ ಈ ರೂಲು," ಎಂದ ಸೂಪರ್‌ವೈಸರ್. ಅವನ ದನಿ ಮೆತ್ತಗಾಗಿತ್ತು. "ನಾನೂ ಬರಿಗಾಲಲ್ಲೇ ಓಡಿಸ್ತಿದ್ದವನು ಕಣಯ್ಯಾ. ಆದ್ರೆ ನೋಡಿದ ಮೇಲೆ ನೋಡಿಲ್ಲ ಅಂತ ಬರೆಯೋದು ಹೇಗೆ? ಮೂರು ತಿಂಗಳು ಬಿಟ್ಟು ಬಾ. ಇನ್ನೊಂದು ಜಾಗ ಖಾಲಿಯಾಗುತ್ತೆ."

ರಿವರ್ಸಣ್ಣ ಬೇಡಿಕೊಂಡ. ಬೂಟು ಹಾಕಿಕೊಂಡು ಇನ್ನೊಂದು ಸಲ ಓಡಿಸುತ್ತೇನೆ, ಬೇಕಾದರೆ ಕಣ್ಣಿಗೆ ಬಟ್ಟೆ ಕಟ್ಟಿ, ಎಂದ. ಒಳಗೆ ಹೋಗಿ ಅಧಿಕಾರಿಣಿಯನ್ನೂ ಕೇಳಿದ. ಅವರು ಬೇಜಾರಿನಿಂದಲೇ ಆಗಲ್ಲವೆಂದು ತಲೆಯಾಡಿಸಿ ಮುಂದಿನವನ ಹಾಳೆ ತೆಗೆದುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಷ್ಟಕ್ಕೂ ತುತ್ತು ತಟ್ಟಿ ಬೀಳಿಸಿದ್ದು ಬೇರೆಯವರ ಕೈಯಲ್ಲ, ತನ್ನದೇ ಕಾಲು. ಬೇರೆ ಯಾರಾದರೂ ಕೆಡಿಸಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಬಸ್ಸಿನಲ್ಲಿ ಕಂಡಕ್ಟರ್ ಅವನ ಶರ್ಟು ನೋಡಿ, "ಸಾರ್, ಇಲ್ಲಿ ಕೂತ್ಕೊಳ್ಳಿ," ಎಂದು ಸೀಟು ತೋರಿಸಿದ. ಆ ಮರ್ಯಾದೆ ಗಾಯದ ಮೇಲೆ ಉಪ್ಪು ಸವರಿದಂತಿತ್ತು. ಇಡೀ ದಾರಿ ರಿವರ್ಸಣ್ಣ ನಿಂತುಕೊಂಡೇ ಬಂದ.

ಮನೆಯಲ್ಲಿ ಮೂವರೂ ಕಾಯುತ್ತಿದ್ದರು. ಅವನ ಮುಖ ನೋಡಿ ಹೊಲಿಗೆ ಯಂತ್ರ ನಿಂತಿತು.

"ಟೈ ಹಾಕ್ಕೊಂಡಿದ್ರೆ ಆಗ್ತಿತ್ತು. ನಾನು ಬಡ್ಕೊಂಡೆ," ಎಂದ ಬಾಮೈದ.

"ಟೈ ಅಲ್ಲ ಕಣೋ, ಬೂಟು! ನಿನ್ನ ಬೂಟು!" ಎಂದು ಕಿರುಚಿ ರಿವರ್ಸಣ್ಣ ನಡೆದಿದ್ದನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಸಿಟ್ಟು ನೆತ್ತಿಗೇರಿತು, ಯಾರ ಮೇಲೆಂದೇ ತಿಳಿಯದ ಸಿಟ್ಟು.

"ಅಲ್ಲ, ಅಷ್ಟು ಕಷ್ಟಪಟ್ಟು ಹಾಕ್ಕೊಂಡು ಹೋಗಿದ್ದನ್ನ ಬಿಚ್ಚಿದ್ದಾದ್ರೂ ಯಾಕೆ?" ಎಂದಳು ಹೆಂಡತಿ. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಯಾಕೆ ಅಂದ್ರೆ? ಮನೆಯೊಳಗೆ ಬೂಟು ಹಾಕ್ಕೊಂಡು ಯಾರಾದ್ರೂ ಹೋಗ್ತಾರೇನೇ?"

ಮಾತು ಬಾಯಿಂದ ಜಾರಿದ ಮೇಲೆ, ತಾನು ಲಾರಿಯನ್ನು ಮನೆ ಎಂದಿದ್ದು ಅವನಿಗೇ ಕೇಳಿಸಿತು. ಹೆಂಡತಿ ಕೈಯಲ್ಲಿದ್ದ ಪುಟ್ಟ ಸಮವಸ್ತ್ರದ ತೋಳನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಆಗಲೇ ಫೋನ್ ಬಂತು. ಎಂಜಿನ್ ಸದ್ದಿಗೆ ಕಿವಿ ಮಂದವಾಗಿದ್ದರಿಂದ ರಿವರ್ಸಣ್ಣನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತಿತ್ತು. ಲಾರಿ ಮಾಲೀಕನ ಗಂಟಲು ಮನೆಯನ್ನೆಲ್ಲ ತುಂಬಿತು.

"ಏನಪ್ಪಾ, ಬರ್ತೀಯೋ ಇಲ್ವೋ? ಗಾಡಿ ತೊಳೆಸಿ ಇಟ್ಟಿದ್ದೀನಿ. ನಿನ್ನ ಹಾಸಿಗೆ, ಸ್ಟವ್ವು, ಕುಕ್ಕರು, ಗಡ್ಡದ ಕನ್ನಡಿ ಎಲ್ಲಾ ಅಲ್ಲೇ ಇದೆ. ಯಾರೂ ಮುಟ್ಟಿಲ್ಲ. ಕೆಲಸ ಬಿಡೋ ದಿನ ನೀನೇ ತಾನೆ ಹೇಳಿದ್ದು, ಅವೆಲ್ಲ ಅಲ್ಲೇ ಇರ್ಲಿ ಬಿಡಿ ಅಂತ?"

ರಿವರ್ಸಣ್ಣನಿಗೆ ನೆನಪಾಯಿತು. ಹೌದು, ಹೇಳಿದ್ದ. ಯಾಕೆ ಹಾಗೆ ಹೇಳಿದ್ದನೋ ಅವನಿಗೇ ಗೊತ್ತಿರಲಿಲ್ಲ. ಸಾಮಾನು ತರಬೇಕು ಎಂದುಕೊಂಡೇ ಎರಡು ತಿಂಗಳು ಕಳೆದಿದ್ದ, ನಡುಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದ, ಬಾಮೈದನ ರೇಜರಿನಲ್ಲಿ ಗಡ್ಡ ಹೆರೆದುಕೊಂಡಿದ್ದ. ಮಗಳು ಅವನನ್ನೇ ನೋಡುತ್ತಿದ್ದಳು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಹೆಂಡತಿ ಎದ್ದು ಬಂದಳು. ಅವಳು ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಹೋಗಿ," ಎಂದಳು. "ಹೋಗಿ ಆ ಹಾಸಿಗೆ ಎತ್ಕೊಂಡು ಬನ್ನಿ. ಎರಡು ತಿಂಗಳಿಂದ ನೆಂಟರ ಥರ ಇದೀರಿ ಈ ಮನೇಲಿ. ಮೂರು ತಿಂಗಳು ನನ್ನ ಮೆಷಿನ್ ಸಂಸಾರ ನಡೆಸುತ್ತೆ, ಡಿಪೋ ಎಲ್ಲಿಗೂ ಓಡಿಹೋಗಲ್ಲ. ಮೊದಲು ನೀವು ಮನೆಗೆ ಬನ್ನಿ."

"ಹಲೋ? ಹಲೋ? ಬರ್ತೀಯಾ?" ಎನ್ನುತ್ತಿತ್ತು ಫೋನು.

"ಬರ್ತೀನಿ," ಎಂದ ರಿವರ್ಸಣ್ಣ. ಮಗಳ ಕಡೆ ತಿರುಗಿದ. "ಸಾಮಾನು ಇಳಿಸ್ಕೊಳ್ಳೋಕೆ ಬರ್ತೀನಿ."

ಮಾಲೀಕ ಏನೇನೋ ಬೈಯತೊಡಗಿದ. ಅದು ಮುಗಿಯುವವರೆಗೂ ಯಾರೂ ಕಾಯಲಿಲ್ಲ. ಬಾಮೈದ ಆಟೋ ಹಿಡಿದು ತರುತ್ತೇನೆಂದು ಬೀದಿಗೆ ಓಡಿದ. ಮಗಳು ತನ್ನ ಫೋನು ಪಕ್ಕಕ್ಕಿಟ್ಟು, "ಅಪ್ಪ, ನಾನೂ ಬರ್ತೀನಿ, ಕುಕ್ಕರ್ ನಾನು ಹಿಡ್ಕೋತೀನಿ," ಎಂದಳು.