ತಿಪ್ಪೆಯ ಮಣ್ಣು, ತೋಟದ ಮಣ್ಣು

"ನೀನು ನೆಟ್ಟ ಹಿಪ್ಪುನೇರಳೆ ಗಿಡಾನ ನಾನಿರೋವರೆಗೂ ಕೀಳಲ್ಲ ಕಣೇ" ಎಂದು ಚನ್ನರಾಯಪ್ಪ ಹಿಂದೊಮ್ಮೆ ಹೆಂಡತಿ ಆದಿಲಕ್ಷ್ಮಿಗೆ ಮಾತು ಕೊಟ್ಟಿದ್ದ. ಅವಳು ಹಾಸಿಗೆ ಹಿಡಿದಿದ್ದ ಕಾಲ ಅದು. ಅವಳು ಹೋದಮೇಲೆ ಕ್ಯಾಲನೂರಿನ ಆ ಮನೆಯಲ್ಲಿ ಒಂದೇ ಮುದ್ದೆ ಬೇಯುತ್ತಿತ್ತು. ಮಾತಾಡಬೇಕೆನಿಸಿದಾಗ ಅವನು ತೋಟಕ್ಕೆ ಹೋಗಿ ಗಿಡಗಳ ನಡುವೆ ಕೂರುತ್ತಿದ್ದ.

ಈಚೆಗೆ ಸೊಪ್ಪಿನ ಅಂಚು ಸುಟ್ಟಂತಾಗಿ ಉದುರತೊಡಗಿತು. ರಿಯಾಯಿತಿಯಲ್ಲಿ ಸಿಕ್ಕ ಯೂರಿಯಾ ಎರಚಿದ. ಗುಣ ಕಾಣಲಿಲ್ಲ. ಮಣ್ಣು ಪರೀಕ್ಷೆಗೆ ಕೊಟ್ಟ. ಸಾರ ಚೆನ್ನಾಗಿದೆ ಎಂದು ಉತ್ತರ ಬಂತು. ಹಾಗಾದರೆ ಗಿಡಕ್ಕೇ ವಯಸ್ಸಾಯಿತು ಎಂದುಕೊಂಡು, ಗುದ್ದಲಿ ಹಿಡಿದು ಅರ್ಧ ತೋಟ ಕಿತ್ತೇಬಿಟ್ಟ.

ದಾರಿಯಲ್ಲಿ ಹೋಗುತ್ತಿದ್ದ ಗ್ರಾಮಸೇವಕ ಕದಿರೇಶ ಅದನ್ನು ಕಂಡು ಸೈಕಲ್ ಬಿಟ್ಟು ಓಡಿಬಂದ.

"ನಿಲ್ಸಣ್ಣಾ! ಸೊಪ್ಪಿನಂಚು ಹಿಂಗೆ ಸುಟ್ಟೈತಲ್ಲ, ಪರೀಕ್ಷೆಗೆ ಎಲ್ಲೀ ಮಣ್ಣು ಕೊಟ್ರಿ?"

"ತಿಪ್ಪೆ ಪಕ್ಕದ್ದು. ಸರ್ಕಾರದೋರು ನೋಡ್ತಾರೆ ಅಂದ್ಮೇಲೆ ಚೆನ್ನಾಗಿರೋದ್ನೇ ಕೊಡ್ಬೇಕಲ್ವೇನಪ್ಪಾ? ಹೆಣ್ಣು ನೋಡೋಕೆ ಬಂದ್ರೆ ಹರಕು ಸೀರೆ ಉಡಿಸ್ತೀವಾ?"

ಬೇಲಿಯಾಚೆ ಸೊಪ್ಪು ಕೊಯ್ಯುತ್ತಿದ್ದ ಭಾರತಮ್ಮ ನಕ್ಕಳು. "ಡಾಕ್ಟ್ರ ಹತ್ರ ಹೋಗಿ ನೋಯೋ ಹಲ್ಲು ಮುಚ್ಕೊಂಡು ಒಳ್ಳೆ ಹಲ್ಲು ತೋರಿಸ್ತೀಯಾ ಬಾವಾ?"

"ನೀನೆಲ್ಲಿಂದ ಕೊಟ್ಟೆ, ಅದ್ನ ಹೇಳಮ್ಮಾ!" ಎಂದ ಚನ್ನರಾಯಪ್ಪ.

ಅವಳ ನಗು ನಿಂತಿತು. "ನಾನೂ ತಿಪ್ಪೆಯಿಂದ್ಲೇ."

"ಊರೆಲ್ಲ ಅದನ್ನೇ ಮಾಡೈತೆ," ಎಂದ ಕದಿರೇಶ. "ಈ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿ ತಾನೇ ಯಾವ ಊರಿಗೆ ಯಾವ ರಿಯಾಯಿತಿ ಗೊಬ್ಬರ ಅಂತ ಮೇಲಿನೋರು ಗೊತ್ತು ಮಾಡೋದು? ತಿಪ್ಪೆ ಮಣ್ಣು ನೋಡಿ, ನಮ್ಮೂರಲ್ಲಿ ಪೊಟ್ಯಾಷ್ ಸಾರ ತುಂಬೈತೆ ಅಂತ ಅವರು ಬರೀ ಯೂರಿಯಾ ಕಳಿಸ್ತಾರೆ. ಗಿಡ ಕೇಳ್ತಿರೋದೇ ಪೊಟ್ಯಾಷು."

"ಅಂದ್ರೆ... ಗಿಡದ್ದೇನೂ ತಪ್ಪಿಲ್ಲ?"

"ಇಲ್ಲಣ್ಣಾ."

ಚನ್ನರಾಯಪ್ಪ ಕಿತ್ತ ಬುಡವೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತ.

ಮಾರನೆಯ ದಿನ ಅವನೇ ಉಳಿದ ತೋಟದಲ್ಲಿ ಹಲವು ಕಡೆ ಅಡಿ ಆಳ ಅಗೆದು, ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ ಕೊಟ್ಟ. ಭಾರತಮ್ಮ ಕೊಟ್ಟಳು, ಊರೂ ಕೊಟ್ಟಿತು. ಮುಂದಿನ ಬೆಳೆಯ ಹೊತ್ತಿಗೆ ಸೊಸೈಟಿಗೆ ರಿಯಾಯಿತಿ ದರದ ಪೊಟ್ಯಾಷ್ ಬಂತು. ಉಳಿದ ಗಿಡ ಚಿಗುರಿತು.

ಅಣ್ಣಂದಿರೇ, ಅಕ್ಕಂದಿರೇ, ಮಣ್ಣು ಕೊಡುವಾಗ ಮರ್ಯಾದೆಯ ಯೋಚನೆ ಬೇಡ. ತಿಪ್ಪೆ, ಬದು, ಮರದ ಬುಡ ಬಿಟ್ಟು, ಬೆಳೆ ನಿಲ್ಲುವ ಜಾಗದಿಂದಲೇ ತೆಗೆಯಿರಿ. ನೀವು ಕೊಡುವ ಹಿಡಿ ಮಣ್ಣಿನ ಮೇಲೆ ಊರಿನ ಗೊಬ್ಬರ ನಿಂತಿದೆ. ಬಂದ ಉತ್ತರ ಹೊಂದದಿದ್ದರೆ, ಗುದ್ದಲಿ ಎತ್ತುವ ಮೊದಲು ಒಂದು ಮಾತು ಕೇಳಿ.

ಚನ್ನರಾಯಪ್ಪ ಕೇಳಲಿಲ್ಲ. ಆದಿಲಕ್ಷ್ಮಿಗೆ ಕೊಟ್ಟ ಮಾತು ಮುರಿಯಿತು.