ಬುಟ್ಟಿಯಾಟಕ್ಕೊಂದು ಮೌನವ್ರತ

ಬಾಗಲಕೋಟೆಯ ಹಳೇ ಪೇಟೆಯಲ್ಲಿ ಕುಪ್ಪಸದ ಖಣದ ಅಂಗಡಿ ಇಟ್ಟಿದ್ದ ಅಂದಾನಪ್ಪನಿಗೆ ಎರಡು ಹುಚ್ಚು. ಒಂದು ಮಠದ ಪುರಾಣ, ಇನ್ನೊಂದು ಕಾಲೇಜಿನ ಹುಡುಗರ ಬಾಸ್ಕೆಟ್‌ಬಾಲ್. ಪುರಾಣದಲ್ಲಿ ಅವನಷ್ಟು ಸಾಧು ಕೇಳುಗ ಊರಲ್ಲೇ ಇರಲಿಲ್ಲ. ಕಂಬಕ್ಕೆ ಒರಗದೆ, ಕಣ್ಣು ಮುಚ್ಚಿ, ಪದ್ಯ ಮುಗಿದಾಗ ಮಾತ್ರ ಒಮ್ಮೆ ತಲೆದೂಗಿ ಕೂಡುತ್ತಿದ್ದ. ಅದೇ ಮನುಷ್ಯ ಕಾಲೇಜು ಮೈದಾನದ ಗೆರೆಯ ಹತ್ತಿರ ನಿಂತನೆಂದರೆ ಧೋತರದ ಚುಂಗು ಒಂದು ಕಡೆ, ಟೊಪ್ಪಿಗೆ ಒಂದು ಕಡೆ, ಬಾಯಿ ನಾಲ್ಕೂ ಕಡೆ.

ಎಪ್ಪತ್ತೆಂಟನೆಯ ಇಸವಿ. ದಸರೆ ಮುಗಿದು ಝೋನಲ್ ಪಂದ್ಯಾವಳಿ ಹತ್ತಿರ ಬಂದಿತ್ತು. ವರ್ಷವಿಡೀ ಆಡಿದ ಆಟ ಒಂದು ತೂಕವಾದರೆ ಇದೇ ಒಂದು ತೂಕ. ಇದರಲ್ಲಿ ಸೋತವರು ಅದೇ ಸಂಜೆ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಬೇಕು. ಸೋಲದೆ ಕೊನೆಗುಳಿದವರು ಧಾರವಾಡಕ್ಕೆ, ವಿಶ್ವವಿದ್ಯಾಲಯದ ದೊಡ್ಡ ಪಂದ್ಯಗಳಿಗೆ. ಅಲ್ಲಿ ಬುಟ್ಟಿಯ ಹಿಂದಿನ ಹಲಗೆ ಗಾಜಿನದಂತೆ ಎಂದು ಯಾರೋ ಹೇಳಿದ್ದರು. ಅಂದಿನಿಂದ ಅಂದಾನಪ್ಪನ ಪಾಲಿಗೆ ಕೈಲಾಸವೂ ಧಾರವಾಡದ ಆಸುಪಾಸಿನಲ್ಲೇ ಇತ್ತು.

"ನಮ್ಮ ಹುಡುಗರು ಧಾರವಾಡಕ್ಕ ಹೋದ್ರ ನಾನೂ ಹೋಗಾಂವ," ಎಂದ ಒಂದು ದಿನ, ಊಟಕ್ಕೆ ಕೂತು.

ಹೆಂಡತಿ ಬನಶಂಕರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೋಗ್ರಿ. ಅವರು ಗೆದ್ರ ಅಂಗಡಿ ನಾ ನೋಡ್ಕೋತೇನಿ. ಆದರ ಅವರು ಗೆಲ್ಲೂದಿಲ್ಲ ಬಿಡ್ರಿ."

"ಯಾಕ?"

"ಹೋದ ವರ್ಷ ಸೋತ್ರು. ಅದರ ಹಿಂದಿನ ವರ್ಷಾನೂ ಸೋತ್ರು. ಯಾಕ ಸೋತ್ರು ಹೇಳ್ಲೇನು? ನಿಮ್ಮ ಬಾಯಿಂದ."

ಮಾತು ಸುಳ್ಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಹೋದ ವರ್ಷದ ಫೈನಲ್ಲಿನಲ್ಲಿ ಚೆಂಡು ಜಹಾಂಗೀರನ ಕೈಯಲ್ಲಿತ್ತು. ಒಳ್ಳೆಯ ಆಟಗಾರ, ಮಠದ ಹಿಂದಿನ ಓಣಿಯ ಹುಡುಗ, ಹಿರಿಯರು ಹೇಳಿದ್ದನ್ನು ಮೀರುವವನಲ್ಲ. ಅವನಿನ್ನೂ ಅಂಗಳದ ನಟ್ಟನಡುವೆ ಇರುವಾಗಲೇ ಅಂದಾನಪ್ಪ "ಒಗಿಯಲೇ ಜಹಾಂಗೀರಾ!" ಎಂದು ಕಿರುಚಿದ್ದ. ಹುಡುಗ ಒಗೆದೇ ಬಿಟ್ಟ. ಚೆಂಡು ಹಲಗೆಯನ್ನೂ ದಾಟಿ ಹುಣಸೆಮರ ಹತ್ತಿತು. ಅದನ್ನು ಇಳಿಸುವ ಹೊತ್ತಿಗೆ ಹುಡುಗರ ಎದೆಯೂ ಇಳಿದುಹೋಗಿತ್ತು.

ಹೆಂಡತಿಯ ಮಾತು ಕೇಳಿದ ಸಂಜೆಯೇ ಅಂದಾನಪ್ಪ ಎಲ್ಲರಿಗಿಂತ ಮೊದಲೇ ಮಠಕ್ಕೆ ಹೋದ. ಪುರಾಣ ಓದುವ ಬಸಯ್ಯನವರು ವಿಭೂತಿ ಧರಿಸುತ್ತಿದ್ದರು.

"ಅಯ್ಯಾರ, ಮೌನ ಹಿಡೀಬೇಕಂತ ಮಾಡೇನಿ."

ಬಸಯ್ಯನವರ ಮುಖ ಅರಳಿತು. "ಭಾಳ ಚಲೋ ವಿಚಾರ. ಯಾವ ಅನುಷ್ಠಾನಕ್ಕಪಾ?"

"ಬಾಸ್ಕೆಟ್‌ಬಾಲಿಗ್ರಿ."

ಬಸಯ್ಯನವರು ವಿಭೂತಿಯ ಗಟ್ಟಿಯನ್ನು ಕೆಳಗಿಟ್ಟರು. ನಕ್ಕರೆ ಭಕ್ತ ನೊಂದಾನು, ನಗದಿದ್ದರೆ ತಮ್ಮ ಹೊಟ್ಟೆ ನೊಂದೀತು. ಕೊನೆಗೆ ಕೆಮ್ಮಿನ ನೆಪದಲ್ಲಿ ಎರಡನ್ನೂ ಸುಧಾರಿಸಿಕೊಂಡು, ಅವನ ಕೈಗೆ ಬಿಲ್ವಪತ್ರೆ ಕೊಟ್ಟು ನೇಮ ಹೇಳಿದರು. ಮೈದಾನಕ್ಕೆ ಕಾಲಿಟ್ಟಲ್ಲಿಂದ ಆಟದ ಕೊನೆಯ ಸೀಟಿ ಊದುವವರೆಗೆ ಒಂದು ಮಾತೂ ಆಡಕೂಡದು. ಪಂದ್ಯಾವಳಿ ಮುಗಿಯುವ ತನಕ ಹೀಗೆಯೇ.

"ನಡುವ ಮುರಿದ್ರ ಹೆಂಗ್ರಿ?"

"ನೇಮ ಹೋತು. ನೇಮ ಹೋದ್ರ ಫಲಾನೂ ಹೋತು," ಎಂದರು. ಆಮೇಲೆ ತಾವೂ ಆಟಕ್ಕೆ ಬರುವುದಾಗಿ ಹೇಳಿದರು. ಮೌನವನ್ನು ಕಾಯಲು ಯಾರಾದರೂ ಬೇಕಲ್ಲ.

ಬದಾಮಿಯವರ ಮೇಲಿನ ಆಟದಲ್ಲಿ ಅಂದಾನಪ್ಪ ಹೆಗಲ ವಸ್ತ್ರವನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಕೂತ. ನಮ್ಮವರು ಗೆದ್ದರು. ಇಳಕಲ್ಲಿನವರ ಮೇಲಿನ ಆಟದಲ್ಲಿ ವಸ್ತ್ರ ಸಾಲದೆ ಎರಡೂ ಕೈಗಳಿಂದ ಬಾಯಿ ಅದುಮಿ ಹಿಡಿದ. ಆಗಲೂ ಗೆದ್ದರು. ಒಳಗೇ ಉಳಿದ ಕೂಗು ಹೊರಗೆ ಬರಲು ದಾರಿ ಕಾಣದೆ ಕಾಲಿಗಿಳಿಯಿತೋ ಏನೋ, ಅವನು ಗೆರೆಯುದ್ದಕ್ಕೂ ಕುಪ್ಪಳಿಸುತ್ತಿದ್ದ. ಅರ್ಧ ಜನ ಚೆಂಡು ನೋಡಿದರೆ ಇನ್ನರ್ಧ ಅಂದಾನಪ್ಪನನ್ನೇ ನೋಡಿದರು. ಎರಡು ಆಟ, ಎರಡು ಗೆಲುವು. ಮೌನದ ಮಹಿಮೆಯಲ್ಲಿ ಈಗ ಅವನಿಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ಬಾಯಿ ಮುಚ್ಚಿದರೆ ಧಾರವಾಡ, ತೆರೆದರೆ ಹುಣಸೆಮರ.

ಫೈನಲ್ ಹುನಗುಂದದ ಕಾಲೇಜಿನ ಮೇಲೆ. ಅವರಲ್ಲಿ ಗುಡೂರಿನ ಅಮಸಿದ್ದಪ್ಪ ಎಂಬ ಹುಡುಗನಿದ್ದ. ತಾಳೆಮರದ ಎತ್ತರ, ಬೀರಪ್ಪ ದೇವರ ಒಕ್ಕಲು, ಹಣೆಗೆ ಹಳದಿ ಭಂಡಾರ ಹಚ್ಚದೆ ಅಂಗಳಕ್ಕೆ ಇಳಿಯುವವನಲ್ಲ. ನಮ್ಮ ಹುಡುಗರು ಜಿಗಿದು ಮುಟ್ಟುವ ಕಡೆ ಅವನು ನಿಂತೇ ಚೆಂಡು ಇಡುತ್ತಿದ್ದ. ಮೊದಲರ್ಧ ಮುಗಿದಾಗ ಬಾಗಲಕೋಟೆ ಹಿಂದೆ ಬಿದ್ದಿತ್ತು. ಅಷ್ಟೇ ಅಲ್ಲ, ಹುಡುಗರ ಕೈಕಾಲು ನೀರಲ್ಲಿ ನೆನೆದ ಬಟ್ಟೆಯಂತಾಗಿದ್ದವು.

ವಿರಾಮದಲ್ಲಿ ಜಹಾಂಗೀರ ನೀರು ಕುಡಿಯುವುದನ್ನೂ ಬಿಟ್ಟು ಅಂದಾನಪ್ಪನ ಮುಂದೆ ಬಂದು ನಿಂತ. ಈ ವರ್ಷ ಅವನೇ ಕ್ಯಾಪ್ಟನ್.

"ಕಾಕಾ, ಒಮ್ಮೆ ಬೈರಿ ನಮಗ."

ಅಂದಾನಪ್ಪ ತಲೆ ಅಲ್ಲಾಡಿಸಿದ.

"ನೀವು ಹಿಂಗ ಸುಮ್ಮ ಕುಂತ್ರ ಆಗೂದಿಲ್ರೀ. ಯಾರೋ ತೀರಿಕೊಂಡ ಮನಿ ಮುಂದ ಆಡಿದಂಗ ಆಗಾಕತ್ತೇತಿ. ಮದ್ಲಿನ ಎರಡು ಆಟ ಹೆಂಗೋ ಸಾಗಿದ್ವು. ಇವತ್ತ ಚೆಂಡ ಕೈಯಾಗ ನಿಲ್ಲವಲ್ದು."

ಅಂದಾನಪ್ಪನ ಕಣ್ಣಲ್ಲಿ ನೀರೇ ಬಂತು. ಪಕ್ಕದಲ್ಲಿದ್ದ ಬಸಯ್ಯನವರ ಮೊಣಕೈ ಹಿಡಿದು ಜಗ್ಗಿದ, ಏನಾದರೂ ದಾರಿ ತೋರಿಸಿ ಎಂಬಂತೆ. ಬಸಯ್ಯನವರಿಗೂ ಅಷ್ಟರಲ್ಲಿ ಆಟದ ರುಚಿ ಹತ್ತಿತ್ತು. ಗಡ್ಡ ನೀವಿಕೊಂಡು ವಿಚಾರ ಮಾಡಿದರು.

"ಮೌನದಾಗ ಇದ್ದಾಂವ ಲೋಕದ ಮಾತು ಆಡಬಾರದು. ದೇವರ ಹೆಸರು ಹೇಳಾಕ ಅಡ್ಡಿಯಿಲ್ಲ. ಹಂಗ ನಮ್ಮ ಗುರುಗಳೂ ಹೇಳತಿದ್ರು."

ಅಷ್ಟೇ ಸಾಕಾಯಿತು. ಆಟ ಮತ್ತೆ ಶುರುವಾಗಿ ಜಹಾಂಗೀರ ಮೊದಲ ಬುಟ್ಟಿ ಹಾಕಿದ್ದೇ ತಡ, ಮೂರು ಆಟಗಳಿಂದ ಕಟ್ಟೆ ಕಟ್ಟಿ ನಿಂತಿದ್ದ ದನಿ ಒಡೆದುಕೊಂಡು ಬಂತು:

"ನಮಃ ಪಾರ್ವತೀ ಪತಯೇ!"

ನಮ್ಮ ಕಡೆ ಈ ಜಯಕಾರವನ್ನು ಒಬ್ಬರು ಎತ್ತಿಕೊಟ್ಟರೆ ಉಳಿದವರು ಸುಮ್ಮನಿರುವಂತಿಲ್ಲ. ಅರ್ಧ ದೇವರ ಹೆಸರನ್ನು ಗಾಳಿಯಲ್ಲಿ ಬಿಡುವ ಧೈರ್ಯ ಯಾರಿಗಿದೆ? ಮೈದಾನದ ಮೈದಾನವೇ ಎರಡೂ ಕೈ ತಲೆಯ ಮೇಲೆತ್ತಿ "ಹರಹರ ಮಹಾದೇವ!" ಎಂದಿತು. ಹುನಗುಂದದಿಂದ ಬಂದವರೂ ಎಂದರು. ಎದುರಾಳಿಯ ಬುಟ್ಟಿಗೆ ತಾವೇ ಜಯಕಾರ ಹಾಕಿದೆವಲ್ಲ ಎಂದು ಆಮೇಲೆ ಹೊಳೆದು ಒಬ್ಬರ ಮುಖ ಒಬ್ಬರು ನೋಡಿದರು.

ಮೈದಾನದ ಪಕ್ಕದ ಮನೆಯ ಮಾಳಿಗೆಯ ಮೇಲೆ ಬನಶಂಕರಿಯೂ ಗೆಳತಿ ಸುಂದರವ್ವನೂ ಜೋಳ ಹಸನು ಮಾಡುತ್ತ ಕೂತಿದ್ದರು. ಆಟ ನೋಡಲು ಬಂದದ್ದಲ್ಲ, ಬಿಸಿಲಿಗೆ ಬಂದದ್ದು ಎಂದು ಇಬ್ಬರೂ ಹೇಳಿಕೊಂಡಿದ್ದರು.

"ನಿನ್ನ ಗಂಡನ ಬಾಯಿ ಬಿಚ್ಚಿತು ನೋಡವ್ವಾ," ಎಂದಳು ಸುಂದರವ್ವ.

"ದೇವರ ಹೆಸರು ಹೇಳ್ಯಾರಲ್ಲ, ಇರ್ಲಿ ಬಿಡು. ಚೆಂಡು ಹುಣಸೀಗಿಡ ಹತ್ತಲಿಲ್ಲಂದ್ರ ಸಾಕು."

ಆಮೇಲಿನದು ಆಟವೋ ಭಜನೆಯೋ ಹೇಳುವುದು ಕಷ್ಟ. ಜಹಾಂಗೀರ ಚೆಂಡು ಕಸಿದರೆ ಒಂದು ಜಯಕಾರ, ಹಾಕಿದರೆ ಇನ್ನೊಂದು. ಬೈಗಳು, ಬುದ್ಧಿಮಾತು, ಮುದ್ದು, ಎಲ್ಲವನ್ನೂ ಅಂದಾನಪ್ಪ ಅದೊಂದೇ ಸಾಲಿನಲ್ಲಿ ತುಂಬಿ ಕೂಗುತ್ತಿದ್ದ. ರಾಗದಿಂದಲೇ ಹುಡುಗರಿಗೆ ಅರ್ಥವಾಗುತ್ತಿತ್ತು. ಬಸಯ್ಯನವರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಬಾಗಲಕೋಟೆ ಒಂದೊಂದೇ ಮೆಟ್ಟಿಲು ಹತ್ತಿ, ಸಮ ಮಾಡಿ, ಒಂದು ಅಂಕ ಮುಂದೆ ಹೋಯಿತು.

ಆಗ, ಆಟದ ವೇಳೆ ಮುಗಿಯುವ ಗಳಿಗೆಯಲ್ಲೇ, ನಮ್ಮವನೊಬ್ಬ ಅಮಸಿದ್ದಪ್ಪನ ಕೈಗೆ ಹೊಡೆದ. ಧಾರವಾಡದಿಂದ ಬಂದಿದ್ದ ರೆಫ್ರಿ ಸೀಟಿ ಊದಿ ಎರಡು ಬೆರಳು ತೋರಿಸಿದ. ವೇಳೆ ಮುಗಿದಿದೆ, ಎರಡು ಫ್ರೀ ಥ್ರೋ ಮಾತ್ರ ಬಾಕಿ. ಯಾರೂ ಅಡ್ಡ ಬರುವಂತಿಲ್ಲ, ಗೆರೆಯ ಮೇಲೆ ನಿಂತು ಹಾಕಬೇಕು. ಒಂದು ಬಿದ್ದರೆ ಸಮ, ಎರಡೂ ಬಿದ್ದರೆ ಹುನಗುಂದ ಧಾರವಾಡಕ್ಕೆ.

ಮೊದಲನೆಯದು ಬಿತ್ತು. ಸಮ.

ಅಮಸಿದ್ದಪ್ಪ ಎರಡನೆಯದಕ್ಕೆ ಚೆಂಡನ್ನು ಎದೆಯ ಮಟ್ಟಕ್ಕೆ ತಂದ. ಮೈದಾನ ಉಸಿರು ಹಿಡಿಯಿತು. ಅಂದಾನಪ್ಪನೂ ಹಿಡಿದ. ಹಿಡಿದದ್ದು ನಿಲ್ಲಲಿಲ್ಲ. ಬೇಕೆಂದು ಮಾಡಿದ್ದಲ್ಲ, ಬಿಸಿ ಹಂಚು ಮುಟ್ಟಿದವನ ಬಾಯಿಂದ ಬರುವ ಹಾಗೆ ಬಂತು:

"ನಮಃ ಪಾರ್ವತೀ ಪತಯೇ!"

"ಹರಹರ ಮಹಾದೇವ!"

ಎಲ್ಲರ ಕೈ ಮೇಲೆ ಹೋದವು. ಜಹಾಂಗೀರನ ಕೈಯೂ ಮೇಲೆ. ಮಠದ ಹಿಂದೆ ಬೆಳೆದವನಿಗೆ ಅದು ಮೈಗೇ ಅಂಟಿದ ಅಭ್ಯಾಸ. ರೆಫ್ರಿಯ ಕೈಗಳೂ ಮೇಲೆ, ಸೀಟಿ ಬಾಯಿಂದ ಜಾರಿ ಎದೆಯ ಮೇಲೆ ತೂಗಾಡುತ್ತಿತ್ತು. ಮಾಳಿಗೆಯ ಮೇಲೆ ಬನಶಂಕರಿ ಕೈ ಎತ್ತಿದ ರಭಸಕ್ಕೆ ಮೊರ ಜಾರಿ ಕೆಳಗಿದ್ದವರ ತಲೆಯ ಮೇಲೆ ಜೋಳದ ಮಳೆಯಾಯಿತು. ಗೆರೆಯ ಮೇಲೆ ಅಮಸಿದ್ದಪ್ಪ ತನ್ನ ಎರಡೂ ಉದ್ದನೆಯ ಕೈಗಳನ್ನು ಆಕಾಶಕ್ಕೆ ಚಾಚಿ, ಕಣ್ಣು ಮುಚ್ಚಿ, ಭಕ್ತಿಯಿಂದ ನಿಂತಿದ್ದ.

ಚೆಂಡು ಅವನ ಕಾಲ ಹತ್ತಿರ ಎರಡು ಸಲ ಪುಟಿದು, ಉರುಳುತ್ತ ಬಂದು ಬಸಯ್ಯನವರ ಪಾದದ ಮುಂದೆ ನಿಂತಿತು.

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲರಿಗೂ ಒಮ್ಮೆಲೇ ತಿಳಿಯಿತು.

"ಒಗೆತ ಹೋತು! ಚೆಂಡು ಕೈ ಬಿಟ್ಟ!" ಎಂದಿತು ಬಾಗಲಕೋಟೆ.

"ದೇವರಿಗೆ ಕೈ ಎತ್ತೂದು ತಪ್ಪೇನ್ರೀ? ನೀವೇನು ಎತ್ತಿಲ್ಲೇನು?" ಎಂದಿತು ಹುನಗುಂದ.

ರೆಫ್ರಿ ಬೆವರು ಒರೆಸಿಕೊಂಡ. "ಕಾಯ್ದೆ ಪ್ರಕಾರ ಚೆಂಡು ಕೈ ಬಿಟ್ರ ಒಗೆತ ಹೋತ್ರಿ. ಖರೆ ಹೇಳಬೇಕಂದ್ರ ನಾನೂ ನೋಡಿಲ್ಲ. ನಾನೂ ಕೈ ಎತ್ತಿದ್ನಿ. ಆದರ ಕಾಯ್ದೆ ಕಾಯ್ದೆನ."

ಅಂದರೆ ಸಮ. ಅಂದರೆ ಇನ್ನಷ್ಟು ಹೊತ್ತು ಆಟ. ನಮ್ಮ ಹುಡುಗರು ಬೆಂಕಿಯಂತಿದ್ದರು, ಅಮಸಿದ್ದಪ್ಪ ಕಳ್ಳತನದಲ್ಲಿ ಸಿಕ್ಕವನಂತೆ ಬೆಪ್ಪಾಗಿದ್ದ. ಧಾರವಾಡ ಅಂಗೈಯಲ್ಲಿತ್ತು. ಆದರೂ ಅಂದಾನಪ್ಪನ ಎದೆಯಲ್ಲಿ ಮುಳ್ಳು ಮುರಿದಿತ್ತು. ಇಷ್ಟು ವರ್ಷ ಕಣ್ಣು ಮುಚ್ಚಿ ಕೇಳಿದ ಹೆಸರು. ಅದನ್ನೇ ಒಬ್ಬ ಹುಡುಗನ ಕಾಲಿಗೆ ಅಡ್ಡ ಹಾಕಿದಂತಾಯಿತಲ್ಲ! ಹುಡುಗ ದೇವರಿಗೆ ಓಗೊಟ್ಟ, ಅದಕ್ಕೇ ಸೋಲಬೇಕೆ?

ಬಾಯಿ ಬಿಡುವಂತಿರಲಿಲ್ಲ, ಕೊನೆಯ ಸೀಟಿ ಇನ್ನೂ ಊದಿರಲಿಲ್ಲ. ಅಂಗಳದ ನಡುವೆ ನುಗ್ಗಿ ಕೈಸನ್ನೆ ಮಾಡತೊಡಗಿದ. ಚೆಂಡಿನತ್ತ ತೋರಿಸಿದ, ಹುಡುಗನತ್ತ ತೋರಿಸಿದ, ಬುಟ್ಟಿಯತ್ತ ತೋರಿಸಿ ಬಾಯಿಯ ಮುಂದೆ ಕೈ ಆಡಿಸಿದ.

"ನೀರಡಿಸೇತಿ ಅವಗ," ಎಂದರು ಬಸಯ್ಯನವರು. ಯಾರೋ ಓಡಿಹೋಗಿ ತಂಬಿಗೆ ತಂದರು.

ಅಂದಾನಪ್ಪ ತಂಬಿಗೆ ನೋಡಿದ. ಅಮಸಿದ್ದಪ್ಪನ ಜೋತುಬಿದ್ದ ಮುಖ ನೋಡಿದ. ನೇಮ ಹೋದರೆ ಫಲವೂ ಹೋಯಿತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನೀರು ಬ್ಯಾಡ್ರೀ ನನಗ!" ಎಂದು ಗುಡುಗಿದ. "ಒಗ್ಯಾಕ ಕೊಡ್ರಿ ಅವಗ ಇನ್ನೊಮ್ಮೆ! ತಪ್ಪು ನಂದು. ದೇವರ ಹೆಸರು ಹೇಳಿ ಚೆಂಡು ಕಸಗೊಂಡ್ರ ಆ ಗೆಲುವು ನಮಗ ದಕ್ಕೂದಿಲ್ಲ!"

"ಹೋತು ಮೌನ!" ಎಂದು ಮಾಳಿಗೆಯಿಂದ ಬನಶಂಕರಿಯ ದನಿ ಕೇಳಿತು.

ಜಹಾಂಗೀರ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದ. ಆಮೇಲೆ ರೆಫ್ರಿಯ ಹತ್ತಿರ ಹೋಗಿ "ಕೊಡ್ರಿ ಸರ್. ನಾವು ಬ್ಯಾಡ ಅನ್ನೂದಿಲ್ಲ," ಎಂದ. ರೆಫ್ರಿಗೂ ಅದೇ ಬೇಕಾಗಿತ್ತು.

ಅಮಸಿದ್ದಪ್ಪ ಚೆಂಡು ಹಿಡಿದು ಗೆರೆಗೆ ಬಂದ. ಒಗೆಯಲಿಲ್ಲ. ತಿರುಗಿ ಅಂದಾನಪ್ಪನತ್ತ ನೋಡಿದ.

"ಕಾಕಾರ, ಅದನ್ನ ಇನ್ನೊಮ್ಮೆ ಹೇಳ್ರಿ."

"ಏನನ್ನಪಾ?"

"ಮಹಾದೇವಂದು. ಆಗಳೆ ಗಡಿಬಿಡಿಯಾಗ ಎತ್ತಿದ್ನಿ, ಮನಸ್ಸು ಚೆಂಡಿನ ಮ್ಯಾಲಿತ್ತು. ಈಗ ಸಮಾಧಾನಲೆ ಅಂದು ಆಮ್ಯಾಲ ಒಗಿತೇನಿ."

ಎದುರಾಳಿ ಬುಟ್ಟಿ ಹಾಕಲೆಂದು ತಾನೇ ಜಯಕಾರ ಎತ್ತಿಕೊಡಬೇಕು! ಅಂದಾನಪ್ಪ ಟೊಪ್ಪಿಗೆ ಸರಿಮಾಡಿಕೊಂಡ. ಎತ್ತಿದ ಮೇಲೆ ಅರೆಮನಸ್ಸಿನಿಂದ ಎತ್ತುವುದು ಅವನ ರಕ್ತದಲ್ಲೇ ಇರಲಿಲ್ಲ. ಅಂದು ಕೂಗಿದ್ದರಲ್ಲೆಲ್ಲ ದೊಡ್ಡದಾಗಿ, ಉದ್ದವಾಗಿ, ರಾಗವಾಗಿ ಕೂಗಿದ. ಅಮಸಿದ್ದಪ್ಪ ಚೆಂಡನ್ನು ಎರಡು ಪಾದಗಳ ನಡುವೆ ಜೋಪಾನವಾಗಿಟ್ಟು ಕೈ ಎತ್ತಿದ. ಇಡೀ ಮೈದಾನ ಎತ್ತಿತು. ಕೈ ಇಳಿದವು. ಹುಡುಗ ಚೆಂಡು ತೆಗೆದುಕೊಂಡು, ಮೊಣಕಾಲು ತುಸು ಬಗ್ಗಿಸಿ, ಹೂವು ಏರಿಸಿದ ಹಾಗೆ ಒಗೆದ.

ಚೆಂಡು ಬುಟ್ಟಿಯ ಕಬ್ಬಿಣದ ಬಳೆಗೂ ತಾಗಲಿಲ್ಲ. ಬಲೆ ಮಾತ್ರ ಸುಯ್ಯೆಂದಿತು.

ಎಲ್ಲರಿಗಿಂತ ಮೊದಲು ಜಿಗಿದವನು ಅಂದಾನಪ್ಪ. ಬಸಯ್ಯನವರನ್ನು ತಬ್ಬಿ ಒಂದು ಸುತ್ತು ತಿರುಗಿಸಿಯೇ ಬಿಟ್ಟ. ಜಹಾಂಗೀರ ಬಂದು ಅವನ ರಟ್ಟೆ ಹಿಡಿದು ನಿಲ್ಲಿಸಿದ.

"ಕಾಕಾ, ನಾವು ಸೋತೀವಿ."

"ಹೌದೇನಪಾ?" ಎಂದು ಅಂದಾನಪ್ಪ ಎರಡು ಗಳಿಗೆ ಮುಖ ಸಣ್ಣದು ಮಾಡಿದ. ಹೆಚ್ಚು ಹೊತ್ತು ಆಗಲಿಲ್ಲ. "ಆದ್ರ ಬಿದ್ದದ್ದು ನೋಡಿದಿಲ್ಲೋ? ಹೆಂಗ ಬಿತ್ತಲೇ ಅದು! ಹೆಂಗ ಬಿತ್ತು!"

ಜಹಾಂಗೀರ ಸಿಟ್ಟಾಗಲು ಹೋಗಿ ನಕ್ಕುಬಿಟ್ಟ.

ಹುನಗುಂದದ ಹುಡುಗರು ಸುತ್ತುಗಟ್ಟಿದರು. ಅಮಸಿದ್ದಪ್ಪ ಬಗ್ಗಿ ಅಂದಾನಪ್ಪನ ಕಾಲು ಮುಟ್ಟಿದ. ಅಷ್ಟೆತ್ತರದಿಂದ ಬಗ್ಗಲು ಅವನಿಗೆ ಹೊತ್ತೇ ಹಿಡಿಯಿತು.

"ಧಾರವಾಡಕ್ಕ ನಮ್ಮ ಕೂಡ ಬರಬೇಕ್ರಿ ಕಾಕಾರ. ನೀವು ಎತ್ತಿ ಕೊಡದಿದ್ರ ಇನ್ನ ನನ್ನ ಕೈಯಿಂದ ಚೆಂಡು ಬೀಳೂದಿಲ್ರೀ."

ಅಂದಾನಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಮಾಳಿಗೆಯತ್ತ ಕತ್ತೆತ್ತಿ ನೋಡಿದ. ಬನಶಂಕರಿ ಕಟ್ಟೆಗೆ ಆತುಕೊಂಡು, ಕೂದಲಲ್ಲಿ ಜೋಳ ಸಿಕ್ಕಿಸಿಕೊಂಡು ನಿಂತಿದ್ದಳು.

"ಏ ಇವಳ, ನಮ್ಮವರು ಸೋತ್ರು," ಎಂದು ಮೆಲ್ಲಗೆ ಶುರುಮಾಡಿದ.

"ಕಣ್ಣಿಲ್ಲೇನು ನನಗ? ನೋಡೇನಿ." ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಮಾತ್ರ ಸೆರಗಿಗೆ ನಿಲ್ಲಲಿಲ್ಲ. "ಆ ಉದ್ದನ್ನ ಹುಡುಗನ್ನ ಕೇಳ್ರಿ, ಒಂದು ಹೊತ್ತಿಗೆ ಎಷ್ಟು ರೊಟ್ಟಿ ತಿಂತಾನಂತ. ಧಾರವಾಡದ ಬುತ್ತಿಗೆ ಹಿಟ್ಟು ಈಗಲೇ ಬೀಸಾಕ ಹಾಕಬೇಕು."