ಮಾತು ಸಾಗಿಸುವ ಎತ್ತು

ಶ್ರಾವಣ ಬಂತೆಂದರೆ ಕೆಂಪು ಬಾಳೆಗೆ ಗಿರಾಕಿ ಜಾಸ್ತಿ. ಕಮಲಾಪುರದ ತೋಟದಲ್ಲಿ ನಿಂಗಣ್ಣ ಗೊನೆ ಕಡಿಯುತ್ತಿದ್ದ, ಅಣ್ಣ ಮಲ್ಕಪ್ಪ ಬಂಡಿಗೆ ಹೇರುತ್ತಿದ್ದ. ಬದುವಿನ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಕೆಲಸ ಮಾತ್ರ ಕೂಡಿಯೇ; ಹೇಳುವುದೇನಿದ್ದರೂ ಎತ್ತು ಬಸ್ಯಾನಿಗೆ ಹೇಳುತ್ತಿದ್ದರು.

"ಏ ಬಸ್ಯಾ, ಅವಗ ಹೇಳು, ಗೊನಿ ಹಸೂದು ಕಡೀಬ್ಯಾಡಂತ," ಎಂದ ಮಲ್ಕಪ್ಪ.

ಸಿಟ್ಟಿನಲ್ಲಿ ನಿಂಗಣ್ಣ ಬೀಸಿದ ಕುಡುಗೋಲು ಗೊನೆ ತಪ್ಪಿ ಅವನದೇ ಎಡ ಮುಂಗೈಗೆ ಇಳಿಯಿತು.

ಜಿಲ್ಲಾ ಕೇಂದ್ರಕ್ಕಿನ್ನೂ ಗುಲ್ಬರ್ಗಾ ಎಂದೇ ಬೋರ್ಡು ಇದ್ದ ಕಾಲ. ಅಲ್ಲಿನ ಖೂಬಾ ಪ್ಲಾಟ್ ಬಡಾವಣೆಯ ಆಸ್ಪತ್ರೆಯ ಐಸಿಯುನಲ್ಲಿ ನಿಂಗಣ್ಣನಿಗೆ ಎಚ್ಚರವಾದಾಗ ಎಡಗೈ ಬೆರಳುಗಳು ಬೇರೆ ಯಾರವೋ ಅನ್ನಿಸಿದವು.

ಮಂಚದ ಬಲಕ್ಕೆ ಸರ್ಜನ್ ಕಲ್ಯಾಣಪ್ಪ ನಿಂತಿದ್ದರು. "ನರ ಕಡದದಪಾ. ಹಿಂದಕ ನರ ಮುಟ್ಟಿದ್ರ ಮನಷ್ಯಾ ಸೆಟದು ಸಾಯ್ತಾನಂತ ವೈದ್ಯರು ಅಂಜತಿದ್ರು. ಬರೇ ತೊಗಲು ಹೊಲದು ಕಳಸ್ತಿದ್ರು. ಕೈ ಇರ್ತಿತ್ತು, ಕೆಲಸಕ್ಕ ಬರ್ತಿರಲಿಲ್ಲ. ಯುದ್ಧದಾಗ ಸಿಪಾಯಿಗಳ ಕೈ ಹೊಲದು ಹೊಲದು ಕಲತ್ರು. ಈಗ ದುರ್ಬೀನು ಹಚ್ಚಿ ಕೂದಲಿಗಿಂತ ಸಣ್ಣ ದಾರದಿಂದ ಹೊಲೀತೀವಿ. ಅವ್ರಿಗಿ ಹೇಳು, ಆಪರೇಶನ್ ಇವತ್ತೇ ಆಗಬೇಕು. ತಡಾದ್ರ ಕೈ ಹೋಗ್ತದ."

'ಅವರು' ಎಂದರೆ ಎಡಕ್ಕೆ ನಿಂತಿದ್ದ ಐಸಿಯು ಡಾಕ್ಟರ್ ಇನಾಯತ್. "ಅವ್ರಿಗಿ ಹೇಳಪಾ, ಮೈಯಾಗ ರಕ್ತ ಇಲ್ಲ. ಐಸಿಯು ನಂದು. ನಾ ಬಿಡೂ ತನಕ ಪೇಷಂಟ್ ಹೊರಗ ಹೋಗಂಗಿಲ್ಲ."

ನರ್ಸ್ ಪುತಳಾಬಾಯಿ ಬಗ್ಗಿ ಪಿಸುಗುಟ್ಟಿದಳು: "ಏಸಿ ಯಾರ ಖೋಲಿಗಿ ಹಾಕಬೇಕಂತ ಹೋದ ಬ್ಯಾಸಗಿಗಿ ಜಗಳಾಡಿ ಮಾತು ಬಿಟ್ಟಾರ."

ನಿಂಗಣ್ಣನಿಗೆ ರೋಗ ಗೊತ್ತಾಯಿತು. "ಸಾಹೇಬ್ರ, ನಮ್ಮ ತೋಟದಾಗ ಈ ಕೆಲಸ ಎತ್ತು ಮಾಡ್ತದ್ರಿ. ಅದಕ್ಕ ಹೊಟ್ಟಿ ತುಂಬ ಮೇವು ಹಾಕ್ತೀವಿ. ನನಗ ಮುಂಜಾನಿಂದ ಹನಿ ನೀರು ಕೊಟ್ಟಿಲ್ಲ ನೀವು. ನಾ ಒಲ್ಲೆ. ನೀವ ಮಾತಾಡ್ಕೋರಿ." ಹೇಳಿ ಕಣ್ಣು ಮುಚ್ಚಿದ.

ಪುತಳಾಬಾಯಿ ಮುಖ ತಿರುಗಿಸಿ ಕೆಮ್ಮಿದಳು.

"ರಕ್ತ ಸಿಕ್ರ ಸಂಜೀಗಿ ಒಯ್ಯಬಹುದು," ಎಂದರು ಇನಾಯತ್, ಸಲೈನ್ ಬಾಟಲಿಗೆ.

"ಇವನ ಅಣ್ಣ ಹೊರಗ ಕುಂತಾನ. ಗ್ರೂಪು ಕೂಡ್ತದ," ಎಂದರು ಕಲ್ಯಾಣಪ್ಪ, ಗೋಡೆಗೆ.

ಮಲ್ಕಪ್ಪ ರಕ್ತ ಕೊಟ್ಟ. ಸಂಜೆ ನರ ಹೊಲಿದರು.

ಮುಂದಿನ ಶ್ರಾವಣದಲ್ಲಿ ಗೊನೆಗೆ ಎಡಗೈ ಹಚ್ಚಿದಾಗ ನಿಂಗಣ್ಣನ ಕಿರುಬೆರಳು ತಾನಾಗಿ ಮಡಚಿಕೊಂಡಿತು. ಬಾಳೆಯ ತಂಪೂ ತಾಗಿತು. ತೋರಿಸೋಣವೆಂದರೆ ತೋಟದಲ್ಲಿ ಮಲ್ಕಪ್ಪನ ಹೊರತು ಯಾರೂ ಇಲ್ಲ. ಅವನು ಕೊಟ್ಟ ರಕ್ತಕ್ಕೆ ಒಂದು ಮಾತು ವರ್ಷದಿಂದ ಬಾಕಿಯಿತ್ತು. ಬಾಯಿ ತೆರೆದ. ಅಣ್ಣ ಹೊರೆ ಇಳಿಸಿ ನೋಡಿದ.

"ಬಸ್ಯಾ," ಎಂದ ನಿಂಗಣ್ಣ, "ಅವಗ ಹೇಳು, ಬೆರಳಿಗಿ ಜೀವ ಬಂದದಂತ."

"ನನಗೂ ಕಣ್ಣು ಅದಾವಂತ ಹೇಳು ಬಸ್ಯಾ," ಎಂದ ಮಲ್ಕಪ್ಪ. ಮೂಗು ಒರೆಸಿಕೊಂಡ. "ಗೊನಿ ಹಸೂದು ಕಡೀಬ್ಯಾಡಂತನೂ ಹೇಳು."

ಎತ್ತು ಬಾಳೆಸಿಪ್ಪೆ ಮೆಲ್ಲುತ್ತಿತ್ತು.